ಕಾರ್ಖಾನೆ ಗೇಟಿನೆದುರು ಏಳು ರೊಟ್ಟಿ

ನಮ್ಮ ಕಜಾಕರ ನಾಡಿನ ತೆಮಿರ್ಸಾಯ್ ಊರಿನ ಮಕ್ಕಳಿಗೆ ಹಿಮದ ಚಿತ್ರ ಬಿಡಿಸಲು ಹೇಳಿದರೆ ಕಪ್ಪು ಪೆನ್ಸಿಲನ್ನೇ ಎತ್ತಿಕೊಳ್ಳುತ್ತವೆ ಎಂದು ಹೊರಗಿನವರು ನಗಾಡುವುದುಂಟು. ನಗಾಡಲಿ, ಅವರಿಗೇನು, ಸಂಜೆಯ ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಇಲ್ಲೇ ಬಿದ್ದಿರುವ ನಾವು ಬೆಳಿಗ್ಗೆ ಎದ್ದ ಕೂಡಲೇ ಉಕ್ಕಿನ ಕಾರ್ಖಾನೆಯ ಚಿಮಣಿಗಳ ಮುಖ ನೋಡಬೇಕು. ಹೊಗೆ ಒಂದು ಕಡೆಗೆ ವಾಲಿದ್ದರೆ ಗಾಳಿಯಿದೆ, ಆ ಕಡೆಯವರ ಗ್ರಹಚಾರ. ನೆಟ್ಟಗೆ ಎದ್ದು, ಮೇಲೆ ಹೋಗಲಾರದೆ ಮತ್ತೆ ಊರ ಮೇಲೇ ಕುಸಿಯುತ್ತಿದ್ದರೆ ಗಾಳಿಯಿಲ್ಲ, ಎಲ್ಲರ ಗ್ರಹಚಾರ. ಗಾಳಿಯಿಲ್ಲದ ದಿನ ಕಾರ್ಖಾನೆಯ ಒಲೆಗಳ ಉರಿ ತಗ್ಗಿಸಬೇಕು ಎಂದು ಕಾನೂನೇ ಇದೆಯಂತೆ. ಇರಬಹುದು, ನಾವಂತೂ ತಗ್ಗಿಸಿದ್ದನ್ನು ಕಂಡಿರಲಿಲ್ಲ.

ಕನೀಪಾ ಈ ಊರಿಗೆ ಸೊಸೆಯಾಗಿ ಬಂದವಳು. ಕುದುರೆ, ಕುರಿ, ಬಯಲು ಬಿಟ್ಟರೆ ಬೇರೇನೂ ಇಲ್ಲದ ಹಳ್ಳಿಯಲ್ಲಿ ಬೆಳೆದಿದ್ದಳು. ಬಂದ ದಿನವೇ ಸಂಜೆ ಆಕಾಶವೆಲ್ಲ ಕೆಂಪಗಾದದ್ದು ಕಂಡು, ಊರಿಗೆ ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಮೆಟ್ಟಿಲಿಳಿದು ಓಡಿದ್ದಳಂತೆ. "ಬೆಂಕಿಯಲ್ಲ ಕಣೇ ಪೆದ್ದಿ, ಅದು ನಮ್ ಸಂಬಳ" ಎಂದು ಗಂಡ ಜೋಲಾಮಾನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನದು ಕಲ್ಲಿದ್ದಲನ್ನು ಬೇಯಿಸಿ ಕೋಕ್ ಮಾಡುವ ಒಲೆಗಳ ಸಾಲಿನಲ್ಲಿ ಕೆಲಸ. ಸ್ವಲ್ಪ ದಿನಕ್ಕೆ ಕನೀಪಾಳೂ ಅದೇ ಕಾರ್ಖಾನೆ ಸೇರಿ, ಕ್ರೇನಿನ ಗೂಡಿನಲ್ಲಿ ಕೂತು ಕರಗಿದ ಕಬ್ಬಿಣ ತುಂಬಿದ ದೊಡ್ಡ ಕೊಪ್ಪರಿಗೆಗಳನ್ನು ಎತ್ತಿ ಇಳಿಸತೊಡಗಿದಳು. ಕೆಳಗಿನ ಹೊಗೆಯೆಲ್ಲ ಅವಳಿದ್ದಲ್ಲಿಗೇ ಬರುತ್ತಿತ್ತು. ಮೂಗು ಸೀಟಿದರೆ ಕರವಸ್ತ್ರ ಕಪ್ಪು. ಅದಕ್ಕೆಂದೇ ಕಾರ್ಖಾನೆಯವರು ದಿನಾ ಹಾಲು ಕೊಡುತ್ತಿದ್ದರು, ಕುಡಿದರೆ ಎದೆ ತೊಳೆದುಹೋಗುತ್ತದೆ ಎಂಬ ನಂಬಿಕೆ. ಅವಳು ತನ್ನ ಪಾಲಿನ ಹಾಲನ್ನು ಮಗ ದಾರ್ಖಾನನಿಗೆಂದು ಮನೆಗೆ ಒಯ್ಯುತ್ತಿದ್ದಳು.

ಇಂಥವಳು ಕಾರ್ಖಾನೆಯ ಮೇಲೆ ಒಂದು ಮಾತು ಕೇಳಲು ತಯಾರಿರಲಿಲ್ಲ. ಕೆಳಗಿನ ಮನೆಯ ಲೀದಾ ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತಳಾದ ರಷ್ಯನ್ ಹೆಂಗಸು. ಶುದ್ಧ ಗಾಳಿ ಬೇಕೆಂದು ಸಹಿ ಕೇಳುತ್ತ ಮನೆಮನೆ ತಿರುಗುವಾಗ ಕನೀಪಾಳ ಬಾಗಿಲಿಗೂ ಬಂದಳು.

"ಹೋಗೇ, ಹೋಗೇ. ಈ ಹೊಗೆಯಿಂದ್ಲೇ ಈ ಊರು ಅಂತ ಒಂದು ಇರೋದು. ಅದನ್ನ ನಿಲ್ಸಿ ಆಮೇಲೆ ಏನ್ ತಿಂತೀಯ, ನಿನ್ ಹಾಡಾ?"

"ಪೆನ್ಷನ್ ತಗೊಂಡು ನಿನ್ ಗಂಡ ಎಷ್ಟ್ ದಿನ ಇದ್ದ ಕನೀಪಾ?"

ಆ ಮಾತಿಗೆ ಕನೀಪಾ ದಢಾರನೆ ಬಾಗಿಲು ಹಾಕಿಕೊಂಡಳು. ಜೋಲಾಮಾನ್ ನಿವೃತ್ತನಾದ ವರ್ಷವೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಸಿಗರೇಟು ಅವನನ್ನು ತಿಂದಿತು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು, ತನಗೂ ಹಾಗೆಯೇ ಹೇಳಿಕೊಂಡಿದ್ದಳು.

ತಾನೂ ನಿವೃತ್ತಳಾಗಿ ಮನೆಯಲ್ಲಿದ್ದ ಅವಳಿಗೆ ಉಳಿದಿದ್ದ ಒಂದೇ ಸಡಗರವೆಂದರೆ ಮೊಮ್ಮಗಳು ಇಂಕಾರ್. ಐದು ವರ್ಷದ ಚೂಟಿ ಹುಡುಗಿ, ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ. ಚಳಿಗಾಲದಲ್ಲಿ ಅವಳನ್ನು ಕೆಂಪು ಬಣ್ಣದ ಜಾರುಬಂಡಿಯಲ್ಲಿ ಕೂರಿಸಿ, ಹಗ್ಗ ಹಿಡಿದು ಶಿಶುವಿಹಾರಕ್ಕೆ ಎಳೆದುಕೊಂಡು ಹೋಗುವುದು ಕನೀಪಾಳ ಕೆಲಸ. "ಅಜೆ, ಜೋರಾಗಿ! ಅಜೆ, ನೀನು ಮುದಿ ಕುದುರೆ!" ಎಂದು ಹಿಂದಿನಿಂದ ಕೂಗು, ಅಜೆ ಎಂದರೆ ಅಜ್ಜಿ. ಆದರೆ ಕೂಗಿ ಮುಗಿಸಿದ ಮೇಲೆ ಹುಡುಗಿಯ ಎದೆಯಿಂದ ಸಿಳ್ಳೆಯಂಥ ಸದ್ದೊಂದು ಬರುತ್ತಿತ್ತು. ಮೊದಲು ಶೀತವೆಂದರು, ಆಮೇಲೆ ಆಸ್ತಮಾ ಎಂದರು. "ಮಗೂನ ಈ ಊರಿಂದ ಕರ್ಕೊಂಡು ಹೋಗಿ" ಎಂದು ಡಾಕ್ಟರು ಸುಲಭವಾಗಿ ಹೇಳಿ ಕೈ ತೊಳೆದುಕೊಂಡರು. ಎಲ್ಲಿಗೆ ಹೋಗುವುದು? ಈ ಊರಿನ ಮನೆಯನ್ನು ಯಾರು ಕೊಳ್ಳುತ್ತಾರೆ? ದಾರ್ಖಾನ್ ಅಪ್ಪನ ಒಲೆಸಾಲಿನಲ್ಲೇ ಕೆಲಸಕ್ಕಿದ್ದ. ಆ ಕೆಲಸ ಬಿಟ್ಟು ಅವನಿಗೆ ಬೇರೆ ಗೊತ್ತಿರಲಿಲ್ಲ. ಸೊಸೆ ಜನಾರ್ ಔಷಧಿ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಹುಡುಗಿಯ ಉಸಿರು ಉಳಿಸಿಕೊಳ್ಳುವುದೊಂದೇ ಆ ಮನೆಯ ಜಪವಾಯಿತು. ಕಿಟಕಿಯ ಸಂದುಗಳಿಗೆಲ್ಲ ಹತ್ತಿ ತುರುಕಿ, ಮೇಲೆ ಅಂಟುಪಟ್ಟಿ ಹಚ್ಚಿ, ವಸಂತ ಬರುವವರೆಗೂ ತೆಗೆಯಬಾರದೆಂದು ತೀರ್ಮಾನವಾಯಿತು.

ಪ್ರತಿ ಶುಕ್ರವಾರ ಕನೀಪಾ ಏಳು ಶೆಲ್ಪೆಕ್ ಕರಿಯುತ್ತಿದ್ದಳು. ಹಾಲು ಹಾಕಿ ಕಲಸಿದ ಹಿಟ್ಟಿನ ಅಗಲವಾದ ತೆಳು ರೊಟ್ಟಿ ಅದು. ನಮ್ಮ ಕಜಾಕರ ಮನೆಗಳಲ್ಲಿ ಸತ್ತವರ ಹೆಸರು ಹೇಳಿ ಅದನ್ನು ಕರಿಯುತ್ತೇವೆ. ಕಾದ ಎಣ್ಣೆಯ ವಾಸನೆ ಹೊರಗೆ ಹೋಗಿ ಅವರನ್ನು ಮುಟ್ಟಬೇಕು, ಅದೇ ಅವರ ಊಟ. ರೊಟ್ಟಿಯನ್ನು ಅಕ್ಕಪಕ್ಕದವರು ತಿನ್ನಬೇಕು. ಕೊಡುವವರು ಇಂಥವರಿಗೆ ಕೊಡುವುದಿಲ್ಲ ಎನ್ನುವ ಹಾಗಿಲ್ಲ, ಇಸಿದುಕೊಳ್ಳುವವರು ಬೇಡ ಎನ್ನುವ ಹಾಗಿಲ್ಲ.

ನವೆಂಬರಿನ ಒಂದು ಗುರುವಾರ ಜೋಲಾಮಾನ್ ಅವಳ ಕನಸಿನಲ್ಲಿ ಬಂದ. ಕೆಲಸದ ಬಟ್ಟೆಯಲ್ಲೇ ಹೊಸ್ತಿಲ ಹೊರಗೆ ನಿಂತಿದ್ದ, ಮುಖ ಸಣ್ಣಗಾಗಿತ್ತು. "ಏನೂ ವಾಸ್ನೆನೇ ಬರ್ತಿಲ್ವಲ್ಲೇ ಕನೀಪಾ" ಎಂದ. ಅವಳು ಎದ್ದು ಕೂತಳು. ಹೌದಲ್ಲ! ಕಿಟಕಿಗಳಿಗೆ ಅಂಟುಪಟ್ಟಿ ಬಿದ್ದ ಮೇಲೆ ಇಷ್ಟು ವಾರ ಕರಿದದ್ದೆಲ್ಲ ಮನೆಯೊಳಗೇ ಸುತ್ತಿ ಸತ್ತುಹೋಗಿತ್ತು. ಗಂಡ ಹೊರಗೆ ಹಸಿದುಕೊಂಡು ನಿಂತಿದ್ದಾನೆ, ತಾನು ಒಳಗೆ ಬೆಚ್ಚಗೆ ಕೂತು ಚಹಾ ಕುಡಿಯುತ್ತಿದ್ದೇನೆ. ಶುಕ್ರವಾರ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಅವತ್ತು ಶಿಶುವಿಹಾರಕ್ಕೆ ಹೋಗದೆ ಕೋಣೆಯಲ್ಲಿ ಗೊಂಬೆಯೊಂದಿಗೆ ಮಾತಾಡುತ್ತಿದ್ದ ಇಂಕಾರಳ ಬಾಗಿಲು ಮುಂದೆ ಮಾಡಿ, ಅಡುಗೆಮನೆಯ ಕಿಟಕಿಯ ಅಂಟುಪಟ್ಟಿಯನ್ನು ಪರಪರನೆ ಕಿತ್ತು ಹಾಕಿ ಅಗಲಕ್ಕೆ ತೆರೆದಳು. ಚಿಮಣಿಗಳ ಕಡೆ ನೋಡಲಿಲ್ಲ. ದಿನಾ ನೋಡುವವಳು ಅವತ್ತೇ ನೋಡಲಿಲ್ಲ. ಏಳೂ ರೊಟ್ಟಿ ಕರಿದು, ಒಂದೊಂದಕ್ಕೂ ಹೆಸರು ಹೇಳಿ, "ತಗೊಳ್ಳಿ, ಹೊಟ್ಟೆ ತುಂಬಾ ತಗೊಳ್ಳಿ" ಎಂದು ಕಿಟಕಿಯಾಚೆ ಮಾತಾಡಿದಳು. ಕೊಳೆತ ಮೊಟ್ಟೆಯಂಥ ಹೊಗೆಯ ವಾಸನೆ ಎಣ್ಣೆಯ ವಾಸನೆಯೊಳಗೆ ಬೆರೆತು ಮನೆಯೆಲ್ಲ ತುಂಬಿದ್ದು ಅವಳಿಗೆ ತಿಳಿಯಲೇ ಇಲ್ಲ.

ಗೊಂಬೆಯ ಜೊತೆಗಿನ ಮಾತು ನಿಂತಿದ್ದು ಕೇಳಿಸಿ ಒಳಗೆ ಹೋದಳು. ಹುಡುಗಿಯ ತುಟಿ ನೀಲಿಯಾಗಿತ್ತು.

ಆಂಬುಲೆನ್ಸಿನವರು ಬಂದರು, ಆಮ್ಲಜನಕ ಹಚ್ಚಿದರು, ಹುಡುಗಿ ಉಳಿದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ದಾರ್ಖಾನ್ ಅಮ್ಮನ ಮುಂದೆ ನಿಂತು, ದನಿ ಏರಿಸದೆ, ಒಂದೊಂದೇ ಮಾತು ಬಿಡಿಸಿ ಹೇಳಿದ:

"ಸತ್ತೋರಿಗೆ ಉಣ್ಸೋಕೆ ಹೋಗಿ ಬದುಕಿರೋಳನ್ನ ಕೊಲ್ತಿದ್ದೆ ಅಮ್ಮ. ಇನ್ಮೇಲೆ ನನ್ ಮನೇಲಿ ಆ ಬಾಣ್ಲೆ ಒಲೆ ಮೇಲೆ ಏರಕೂಡ್ದು."

 ಬೈದಿದ್ದರೆ, ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಎನ್ನಿಸಿತು.

ಮುಂದಿನ ಶುಕ್ರವಾರ ಕನೀಪಾ ಸುಮ್ಮನೆ ಕೂರಲಾರದೆ ಒದ್ದಾಡಿದಳು. ಮನೆಯಲ್ಲಿ ಕರಿಯುವ ಹಾಗಿಲ್ಲ, ಕರಿಯದೆ ಇರಲಾಗುವುದಿಲ್ಲ. ಕೊನೆಗೆ ಸಣ್ಣ ಗ್ಯಾಸ್ ಒಲೆ, ಬಾಣಲೆ, ಹಿಟ್ಟಿನ ಡಬ್ಬಿ ಎಲ್ಲವನ್ನೂ ಇಂಕಾರಳ ಕೆಂಪು ಜಾರುಬಂಡಿಗೆ ಕಟ್ಟಿ ಎಳೆದುಕೊಂಡು ಹೊರಟಳು. ಅಂಗಳದಲ್ಲಿ ಕರಿದರೆ ಮಕ್ಕಳಾಡುವ ಜಾಗ, ರಸ್ತೆಯಲ್ಲಿ ಕರಿದರೆ ವಾಹನ. ಕಾಲು ತಾನಾಗಿಯೇ ಹಳೆಯ ದಾರಿ ಹಿಡಿದು ಕಾರ್ಖಾನೆಯ ದೊಡ್ಡ ಗೇಟಿಗೆ ತಂದು ನಿಲ್ಲಿಸಿತು. ಗಂಡ ಬದುಕೆಲ್ಲ ಈ ಗೇಟಿನೊಳಗೇ ಇದ್ದವನು, ಇಲ್ಲಿ ಕರಿದರೆ ಸಿಗದೆ ಇರುತ್ತಾನೆಯೇ ಎಂದುಕೊಂಡು ಅಲ್ಲೇ ಕಪ್ಪು ಹಿಮದ ಮೇಲೆ ಒಲೆ ಹಚ್ಚಿದಳು.

ಕಾವಲಿನವರು ಪೊಲೀಸಿಗೆ ಫೋನ್ ಮಾಡಿದರು. ಬಂದವನು ಅವಳ ಅಂಗಳದಲ್ಲೇ ಆಡಿ ಬೆಳೆದ ಬೆಕ್‌ಜಾನ್.

"ಆಪಾ, ಇದೇನ್ ಮಾಡ್ತಿದೀರ?" ಎಂದು ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಗೌರವದಿಂದಲೇ ಕೇಳಿದ.

"ಕಣ್ ಕಾಣಲ್ವಾ? ರೊಟ್ಟಿ ಕರೀತಿದೀನಿ."

"ಅನುಮತಿ ಇಲ್ದೆ ಇಲ್ಲಿ ಗುಂಪು ಸೇರೋ ಹಾಗಿಲ್ಲ."

"ಗುಂಪಾ? ನಾನೊಬ್ಳೇ ಇದೀನಲ್ಲೋ! ನಿನ್ನನ್ನೂ ಸೇರಿಸ್ಕೊಂಡ್ರೆ ಇಬ್ರು."

"ಪ್ರತಿಭಟನೆ ಅಂತ ಬರೀಬೇಕಾಗತ್ತೆ ಆಪಾ, ನನಗೂ ಮೇಲಿನೋರಿದಾರೆ."

"ಬರ್ಕೋ. ಸತ್ತ ಗಂಡನಿಗೆ ರೊಟ್ಟಿ ಕರೀತಿದ್ಲು, ಹಿಡ್ದೆ ಅಂತ ಬರ್ಕೋ. ನಿಮ್ಮಮ್ಮ ಓದ್ಲಿ. ತಗೋ, ಬಿಸಿ ಇದೆ, ಮೊದ್ಲು ತಿನ್ನು."

ಬೆಕ್‌ಜಾನ್ ಅತ್ತಿತ್ತ ನೋಡಿದ. ಬೇಡ ಎನ್ನುವುದು ಹೇಗೆ? ಕೈಗವಸು ತೆಗೆದು, ಒಂದು ತುಂಡು ಮುರಿದು, "ಅವರಿಗೆ ಸಲ್ಲಲಿ" ಎಂದು ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು ತುಂಡನ್ನೂ ತಾನಾಗಿಯೇ ಮುರಿದ.

ಈ ಸುದ್ದಿ ಲೀದಾಳ ಕಿವಿಗೆ ಬೀಳಲು ಎಷ್ಟು ಹೊತ್ತು! ಅವಳ ಹೆಂಗಸರ ಗುಂಪು ಸಭೆಗೆ ಅನುಮತಿ ಕೇಳಿ ಕೇಳಿ ಪುರಸಭೆಯ ಮೆಟ್ಟಿಲು ಸವೆಸಿತ್ತು. ಒಂದು ಸಲ ಆ ಜಾಗದಲ್ಲಿ ರಿಪೇರಿ, ಇನ್ನೊಂದು ಸಲ ಕ್ರೀಡಾಕೂಟ, ಅನುಮತಿ ಮಾತ್ರ ಇಲ್ಲ. ಸಂಜೆ ಬಂದು ಕನೀಪಾಳ ಬಾಗಿಲು ಬಡಿದಳು.

"ಏನೇ, ಹಾಡು ತಿನ್ನೋಕಾಗಲ್ಲ ಅಂದಿದ್ಯಲ್ಲ, ಈಗ ರೊಟ್ಟಿ ಹಿಡ್ಕೊಂಡು ನನಗಿಂತ ಮುಂದೆ ಹೋಗಿದೀಯ. ಬರೋ ಶುಕ್ರವಾರ ನಾನೂ ಬರ್ತೀನಿ. ನಮ್ಮಲ್ಲಿ ಸತ್ತೋರಿಗೆ ದೋಸೆ ಹುಯ್ತೀವಿ, ಆಗತ್ತಾ?"

"ನಿನ್ ದೋಸೆ ಸೀದಿರತ್ತೆ, ನನಗೊತ್ತು. ಬಾ."

ಬಾಗಿಲಲ್ಲೇ ನಿಂತು ಕನೀಪಾ ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟಳು. ಜೋಲಾಮಾನನನ್ನು ಸಿಗರೇಟು ತಿಂದಿದ್ದಲ್ಲ ಎಂದು ಅವತ್ತೇ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಲೀದಾ ಅವಳ ಬೆನ್ನು ಸವರಿದಳು.

ಹಾಗೆ ಶುರುವಾಯಿತು. ಒಂದು ಶುಕ್ರವಾರ ನಾಲ್ಕು ಬಾಣಲೆ, ಇನ್ನೊಂದು ಶುಕ್ರವಾರ ಸಾಲುಸಾಲು ಬಾಣಲೆ. ಯಾರ ಕೈಯಲ್ಲೂ ಫಲಕವಿಲ್ಲ, ಯಾರೂ ಘೋಷಣೆ ಕೂಗಲಿಲ್ಲ. ಹೆಂಗಸರು ಎಣ್ಣೆಗೆ ರೊಟ್ಟಿ ಬಿಡುವಾಗ ಹೆಸರು ಹೇಳುತ್ತಿದ್ದರು, ಅಷ್ಟೇ: ಗಂಡ, ಅಣ್ಣ, ಭಾವ, ಎದೆಯ ಕ್ಯಾನ್ಸರಿನ ತಂಗಿ. ಪಾಳಿ ಮುಗಿಸಿ ಹೊರಬರುವ ಕೆಲಸಗಾರರು ಆ ಹೆಸರುಗಳ ನಡುವೆಯೇ ಹಾದುಹೋಗಬೇಕಿತ್ತು. ಗೇಟಿನ ಕ್ಯಾಮೆರಾಗೆ ಹೆದರಿ ಹೆಚ್ಚಿನವರು ತಲೆ ತಗ್ಗಿಸಿ ಜಾರಿಕೊಳ್ಳುತ್ತಿದ್ದರು. ಬೆಕ್‌ಜಾನ್ ಮಾತ್ರ ವಾರವಾರವೂ ಬಂದು, ಎಚ್ಚರಿಕೆ ಕೊಟ್ಟು, ಎಲ್ಲರ ಬಾಣಲೆಯದನ್ನೂ ತಿಂದು ಹೋಗುತ್ತಿದ್ದ. "ನೀನು ನಮ್ಮನ್ನ ಹಿಡಿಯೋಕೆ ಬರ್ತೀಯೋ ಊಟಕ್ಕೆ ಬರ್ತೀಯೋ?" ಎಂದು ಲೀದಾ ಛೇಡಿಸಿದರೆ ಕಿವಿವರೆಗೂ ಕೆಂಪಾಗುತ್ತಿದ್ದ.

ಕೊನೆಗೆ ಕಾರ್ಖಾನೆಯ ಉಪನಿರ್ದೇಶಕನೇ ಹೊರಗೆ ಬಂದ. ಮಾಕ್ಸುತ್ ಎಂದು ಹೆಸರು, ರಾಜಧಾನಿಯಿಂದ ಬಂದವನು, ಒಳ್ಳೆಯ ಉಣ್ಣೆಯ ಕೋಟು. ಹಿರಿಯ ಹೆಂಗಸರೆದುರು ಟೋಪಿ ತೆಗೆದು ನಮಸ್ಕರಿಸಿದ. ನಡತೆಯಲ್ಲಿ ಹುಳುಕು ಹುಡುಕುವ ಹಾಗಿರಲಿಲ್ಲ. ಕನೀಪಾ ತಟ್ಟೆ ಮುಂದೆ ಹಿಡಿದಳು. ಅವನೂ ನಮ್ಮವನೇ ತಾನೇ, "ಸಲ್ಲಲಿ" ಎಂದು ಮುರಿದು ಬಾಯಿಗೆ ಹಾಕಿಕೊಂಡ. ಅಗಿದಾಗ ಕರಕ್ ಎಂದಿತು. ಮುಖ ಹುಳ್ಳಗಾಯಿತು.

"ಏನಿದು ಆಪಾ, ಹಿಟ್ಟಲ್ಲಿ ಮರಳಿದೆಯಾ?"

"ಹಿಟ್ಟು ನಂದು, ಹಾಲು ನಂದು, ಎಣ್ಣೆ ನಂದು. ಆ ಕರಕರ ಮಾತ್ರ ನಿಮ್ದು ಸ್ವಾಮಿ. ಮೇಲಿಂದ ಬಿತ್ತು."

ಹೆಂಗಸರು ಘೊಳ್ಳೆಂದು ನಕ್ಕರು. ಮಾಕ್ಸುತ್ ನುಂಗಿಕೊಂಡು, ಗಾಳಿಯಿಲ್ಲದ ದಿನಗಳಲ್ಲಿ ಹೆಚ್ಚು ಹೊಗೆಯುಗುಳುವ ಹಳೆಯ ಒಲೆಸಾಲನ್ನು ನಿಲ್ಲಿಸುವುದಾಗಿ ಎಲ್ಲರೆದುರು ಮಾತು ಕೊಟ್ಟ. ಕೊಟ್ಟ ಮಾತಿನಂತೆ ಕೆಲವು ದಿನ ನಿಲ್ಲಿಸಿದರು ಕೂಡ. ಆ ದಿನಗಳಲ್ಲಿ ಇಂಕಾರ್ ಬೆಳಿಗ್ಗೆ ಎದ್ದು, "ಅಜೆ, ನನ್ನ ಸಿಳ್ಳೆ ಎಲ್ಲಿ ಹೋಯ್ತು?" ಎಂದು ಎದೆ ತಟ್ಟಿಕೊಂಡು ಕೇಳಿದಳು. ಕನೀಪಾ ಅವಳನ್ನು ಜಾರುಬಂಡಿಯಲ್ಲಿ ಕೂರಿಸಿ ಊರ ಕೊನೆಯವರೆಗೂ ಎಳೆದಳು.

ಹೊಸ ವರ್ಷದ ನಂತರ ಕಾರ್ಖಾನೆಗೆ ದೊಡ್ಡ ಬೇಡಿಕೆ ಬಂತಂತೆ. ಹಳೆಯ ಒಲೆಸಾಲು ಮತ್ತೆ ಹೊತ್ತಿಕೊಂಡಿತು, ಗಾಳಿಯಿರಲಿ ಬಿಡಲಿ. ಹೆಂಗಸರು ಮತ್ತೆ ಗೇಟಿಗೆ ಹೋದರು. ಈ ಸಲ ಮಾಕ್ಸುತ್ ಹೊರಗೆ ಬರಲಿಲ್ಲ. ಬದಲಿಗೆ ಮೇಸ್ತ್ರಿ ದಾರ್ಖಾನನನ್ನು ಕರೆದು, ನಿಮ್ಮಮ್ಮನ ಅಡುಗೆಮನೆ ಎತ್ತಿಸು, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಕಾಯುವವರು ಬೇಕಾದಷ್ಟಿದ್ದಾರೆ ಎಂದ. ಪಾಳಿ ಮುಗಿದ ಮೇಲೆ ದಾರ್ಖಾನ್ ನೇರ ಬಂದು ಅಮ್ಮನ ಒಲೆಯ ಮುಂದೆ ನಿಂತ.

"ಸಾಕು ಅಮ್ಮ. ನಡಿ ಮನೆಗೆ."

"ಇನ್ನೂ ಮೂರು ರೊಟ್ಟಿ ಇದೆ."

"ನನ್ ಕೆಲ್ಸ ಹೋದ್ರೆ ಇಂಕಾರ್ ಔಷಧಿ ಎಲ್ಲಿಂದ ತರ್ಲಿ? ಹೇಳು!"

"ಆ ಔಷಧಿ ಅವ್ಳಿಗೆ ಯಾಕ್ ಬೇಕಾಯ್ತು ಅಂತ ನೀನೇ ಹೇಳೋ, ಇಷ್ಟ್ ಜನದ ಮುಂದೆ."

"ಯಾಕಾ?" ದಾರ್ಖಾನನ ದನಿ ಒಡೆಯಿತು. "ನೀನು ಕಿಟಕಿ ತೆಗ್ದಿದ್ದಕ್ಕೆ!"

  ಕನೀಪಾ ಬಗ್ಗಿ ಒಲೆ ಆರಿಸಿದಳು. ಕರಿಯದೆ ಉಳಿದ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಮಗನ ಹಿಂದೆ ಜಾರುಬಂಡಿ ಎಳೆದುಕೊಂಡು ಮನೆಗೆ ಹೋದಳು.

ಆಮೇಲೆ ಅವಳು ಗೇಟಿಗೆ ಹೋಗಲಿಲ್ಲ. ಅವಳಿಲ್ಲದೆ ಸಾಲು ಕರಗಿತು. ಲೀದಾ ಮಾತ್ರ ಛಲ ಬಿಡದೆ ತನ್ನ ಸೀದ ದೋಸೆ ಹುಯ್ಯುತ್ತಿದ್ದಳು. ಕನೀಪಾ ಮೊಮ್ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅಂಟುಪಟ್ಟಿಯ ಮೇಲೆ ಅಂಟುಪಟ್ಟಿ ಹಾಕಿದಳು. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ, ಗಾಳಿ ಹೋಗುವ ಕಿಂಡಿಗೆ ಒದ್ದೆ ಬಟ್ಟೆ. ಒಣಗಿದ ಕೂಡಲೇ ಮತ್ತೆ ನೆನೆಸುವುದು. ನೆನೆಸಿ ಹಿಂಡಿದ ನೀರು ಕಪ್ಪಗೆ ಇಳಿಯುತ್ತಿತ್ತು. ಇಂಕಾರ್ ಬೇಸರದಿಂದ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿರುತ್ತಿದ್ದಳು.

"ಅಜೆ, ಕುದುರೆ ಯಾವಾಗ ಹೊರಗೆ ಹೋಗೋದು?"

"ಗಾಳಿ ಬರ್ಲಿ ಬಂಗಾರ."

ಫೆಬ್ರವರಿಯಲ್ಲಿ ಗಾಳಿ ಬರಲೇ ಇಲ್ಲ. ಹೊಗೆ ಊರ ಮೇಲೆ ಕೂತಿತು, ಎದ್ದೇಳಲಿಲ್ಲ. ಎದುರು ಕಟ್ಟಡ ಕಾಣುತ್ತಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲೇ ಇದ್ದರು. ಔಷಧಿ ಇತ್ತು, ಉಸಿರಿನ ಪಂಪು ಇತ್ತು, ಹೇಗೆ ಹಿಡಿಯಬೇಕು ಎಂದು ಗೊತ್ತಿದ್ದ ಜನಾರ್ ಇದ್ದಳು. ಹುಡುಗಿ ಅಪ್ಪನ ತೊಡೆಯ ಮೇಲೇ ಇದ್ದಳು. ಅವತ್ತು ಊರಿನ ಎಲ್ಲ ಮನೆಗಳಿಂದಲೂ ಕರೆ ಹೋಗಿತ್ತು, ಆಂಬುಲೆನ್ಸು ಬರುವಾಗ ತಡವಾಗಿತ್ತು. ಇಂಕಾರ್ ಹೋಗಿಬಿಟ್ಟಳು.

ಆಂಬುಲೆನ್ಸಿನವರು ಹೊರಟ ಮೇಲೆ ದಾರ್ಖಾನ್ ಎದ್ದು ಅಡುಗೆಮನೆಗೆ ಹೋದ. ಕಿಟಕಿಯ ಚೌಕಟ್ಟಿನ ಮೇಲೆ ಕೈಯಾಡಿಸಿದ, ಮೇಲೆ, ಕೆಳಗೆ, ಎರಡೂ ಪಕ್ಕ. ಅಂಟುಪಟ್ಟಿ ಎಲ್ಲಿಯೂ ಎದ್ದಿರಲಿಲ್ಲ. ಕೋಣೆಯ ಕಿಟಕಿಯನ್ನೂ ಹಾಗೆಯೇ ನೋಡಿದ. ಕನೀಪಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ತಾನೇ ತಪ್ಪಿತಸ್ಥೆ ಎನ್ನುವ ಹಾಗೆ ಕೈ ಕಟ್ಟಿಕೊಂಡು.

"ಮುಚ್ಚೇ ಇದೆ ಅಮ್ಮ" ಎಂದ ದಾರ್ಖಾನ್. "ಎಲ್ಲಾ ಮುಚ್ಚೇ ಇದೆ." ಎಂದವನೇ ಕುಸಿದು ಕೂತು, ಅವಳ ಕಾಲು ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತ.

ಮಣ್ಣು ಮಾಡಿ ಬಂದರು; ಹೋದ ದಿನದಿಂದ ಏಳನೆಯ ದಿನಕ್ಕೆ ರೊಟ್ಟಿ ಕರಿಯಬೇಕು. ಲೆಕ್ಕಕ್ಕೆ ಅದು ಶುಕ್ರವಾರವೇ ಬಂತು. ಕನೀಪಾ ಹಿಟ್ಟು ಕಲಸಿಟ್ಟು, ಒಲೆಯ ಮುಂದೆ ಮಗನ ಮುಖ ನೋಡುತ್ತ ನಿಂತಳು. ದಾರ್ಖಾನ್ ಬಾಣಲೆ ಎತ್ತಿಕೊಂಡು ಮೆಟ್ಟಿಲಿಳಿದ. ಕೆಳಗೆ ಕೆಂಪು ಜಾರುಬಂಡಿ ಗೋಡೆಗೆ ಒರಗಿತ್ತು. ಅದರ ಮೇಲಿನ ಮಸಿಯನ್ನು ಅಂಗೈಯಿಂದ ಒರೆಸಿದ. ಆಮೇಲೆ ಒಲೆ, ಬಾಣಲೆ, ಡಬ್ಬಿ ಎಲ್ಲ ಅದರ ಮೇಲೆ ಕಟ್ಟಿ ಹಗ್ಗ ಹೆಗಲಿಗೆ ಹಾಕಿಕೊಂಡ. ಹಿಂದೆ ಕನೀಪಾ, ಜನಾರ್, ಲೀದಾ, ಅವರ ಹಿಂದೆ ಊರಿನ ಹೆಂಗಸರು.

ಆವತ್ತು ಪಾಳಿ ಮುಗಿಸಿ ಬಂದ ಕೆಲಸಗಾರರು ಯಾರೂ ಜಾರಿಕೊಳ್ಳಲಿಲ್ಲ. ಕ್ಯಾಮೆರಾದ ಕೆಳಗೇ ಸಾಲುಗಟ್ಟಿ ನಿಂತು, ಟೋಪಿ ತೆಗೆದು, ಒಂದೊಂದು ತುಂಡು ಇಸಿದುಕೊಂಡರು. ಬೆಕ್‌ಜಾನ್ ದೂರದಲ್ಲೇ ನಿಂತಿದ್ದ, ಎಚ್ಚರಿಕೆ ಕೊಡಲು ಬರಲಿಲ್ಲ. ಏಳರಲ್ಲಿ ಆರು ರೊಟ್ಟಿ ಖರ್ಚಾದ ಮೇಲೆ ಗೇಟಿನ ಪಕ್ಕದ ಬಾಗಿಲು ತೆರೆದು ಮಾಕ್ಸುತ್ ಬಂದ. ಸುದ್ದಿ ಅವನಿಗೂ ತಲುಪಿತ್ತು. "ಸಾಂತ್ವನ ಹೇಳೋಕೆ ಬಂದೆ" ಎಂದು ಮೆಲ್ಲಗೆ ಹೇಳಿದ. ಕನೀಪಾ ತಟ್ಟೆಗೆ ಕೈ ಹಾಕಿದಳು, ಎತ್ತಲಾಗಲಿಲ್ಲ. ಕೊಡುವುದಿಲ್ಲ ಎನ್ನುವ ಹಾಗಿಲ್ಲವಲ್ಲ! ಆಗ ದಾರ್ಖಾನ್ ತಟ್ಟೆ ತೆಗೆದುಕೊಂಡು ತಾನೇ ಮುಂದೆ ಹಿಡಿದ.

"ತಗೊಳ್ಳಿ. ಇದು ನನ್ ಮಗಳ ಹೆಸರಿಂದು. ಇಂಕಾರ್."

ಮಾಕ್ಸುತ್ ಒಂದು ತುಂಡು ಮುರಿದು, "ಸಲ್ಲಲಿ" ಎಂದು, ಅದನ್ನು ಕೋಟಿನ ಜೇಬಿಗೆ ಹಾಕಿಕೊಳ್ಳಲು ಹೋದ.

"ಇಲ್ಲೇ ತಿನ್ನಿ" ಎಂದ ದಾರ್ಖಾನ್.

ಮಾಕ್ಸುತ್ ಬಾಯಿಗೆ ಹಾಕಿಕೊಂಡ. ಅಷ್ಟು ಜನರ ನಡುವೆಯೂ ಕರಕರ ಎನ್ನುವುದು ಕೇಳಿಸಿತು. ಯಾರೂ ನಗಲಿಲ್ಲ. ದಾರ್ಖಾನ್ ತಟ್ಟೆ ಹಿಂದಕ್ಕೆ ತೆಗೆಯದೆ, ಉಳಿದ ರೊಟ್ಟಿಯನ್ನು ಅವನ ಮುಂದೆ ಹಾಗೆಯೇ ಹಿಡಿದುಕೊಂಡಿದ್ದ.